ಕಾರಿನ ಅಡಿಗೆ ಕಲ್ಲು ಬಡಿದ್ರೆ ಮೊದಲು ಇಂಜಿನ್ ಬಂದ್ ಮಾಡಿ, ಉಳಿದದ್ದು ಮತ್ತೆ

ಹೋದ ವರ್ಷ ಆಟಿ ತಿಂಗಳಲ್ಲಿ ನಮ್ಮ ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕಕ್ಕೆ ಬರ್ತಾ ಇದ್ದೆ, ರಾತ್ರಿ ಎಂಟೂವರೆ ಆಗಿರ್ಬೇಕು, ವೈಪರ್ ಫುಲ್ ಸ್ಪೀಡಲ್ಲಿ ಹಾಕಿದ್ರೂ ಮುಂದೆ ಕಾಣದ ಹಾಗಿನ ಮಳೆ. ಸೀತಾಂಗೋಳಿ ದಾಟಿ ಸ್ವಲ್ಪ ಮುಂದೆ ಬಂದಾಗ ಎದುರಿಂದ ಒಂದು ಬಸ್ಸು ಹೈ ಬೀಮ್ ಹಾಕಿಕೊಂಡು ಬಂತು, ಅದು ದಾಟಿ ಕಣ್ಣು ಸರಿಯಾಗುವಷ್ಟರಲ್ಲಿ ರಸ್ತೆ ಮಧ್ಯ ಒಂದು ಮುರಕಲ್ಲು, ಯಾವುದೋ ಲಾರಿಯಿಂದ ಬಿದ್ದದ್ದಿರ್ಬೇಕು. ಎರಡು ಚಕ್ರದ ನಡುವಿನಿಂದ ಹೋಗ್ತದೆ ಅಂತ ನೇರ ಬಿಟ್ಟೆ. ಹೋಗ್ಲಿಲ್ಲ. ಅಡಿಯಿಂದ ಧಡ್ ಅಂತ ಶಬ್ದ ಬಂದು ಕಾಲಡಿಯ ಫ್ಲೋರ್ ಎಲ್ಲ ನಡುಗಿತು. ಆದ್ರೆ ಕಾರು ನಿಲ್ಲಲಿಲ್ಲ, ಸ್ಟೇರಿಂಗ್ ಸರಿ ಇತ್ತು, ಬ್ರೇಕ್ ಸರಿ ಇತ್ತು, ಈ ಮಳೆಯಲ್ಲಿ ಇಳಿದು ನೋಡುವುದೆಂತ, ಬೆಳಿಗ್ಗೆ ನೋಡುವ ಅಂತ ಮುಂದೆ ಹೋದೆ.

ಒಂದು ತಿರುವಲ್ಲಿ ಕೆಂಪು ಬಣ್ಣದ ಆಯಿಲ್ ಲೈಟ್ ಒಮ್ಮೆ ಮಿಣುಕಿತು, ನೇರ ರಸ್ತೆಗೆ ಬಂದ ಕೂಡ್ಲೆ ಹೋಯ್ತು. ಇನ್ನೊಂದು ತಿರುವಲ್ಲಿ ಮತ್ತೆ ಬಂತು, ಮತ್ತೆ ಹೋಯ್ತು. ನೀರು ತಾಗಿ ವಯರಿಂಗ್ ಏನೋ ಆಗಿದೆ ಅಂದ್ಕೊಂಡೆ. ನೀರ್ಚಾಲು ಹತ್ತಿರ ಬರುವಾಗ ಇಂಜಿನಿನಿಂದ ಟಕ ಟಕ ಶಬ್ದ ಶುರುವಾಯ್ತು, ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ಮರುದಿನ ಮೆಕ್ಯಾನಿಕ್ ಅಡಿಗೆ ಹೋಗಿ ನೋಡಿ ಹೊರಗೆ ಬಂದು ಹೇಳಿದ್ದು ಒಂದೇ ಮಾತು, "ಮಾಷ್ಟ್ರೆ, ಕಲ್ಲು ಒಡೆದದ್ದು ಚೇಂಬರ್ ಮಾತ್ರ, ಇಂಜಿನ್ ಹೋದದ್ದು ಮತ್ತೆ ಓಡಿಸಿದ್ದರಲ್ಲಿ." ಚೇಂಬರ್ ಅಂದ್ರೆ ಇಂಜಿನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಅದನ್ನು ಬದಲಿಸಿದ್ರೆ ಕೆಲವು ಸಾವಿರದಲ್ಲಿ ಮುಗೀತಿತ್ತು. ಇಂಜಿನ್ ಬಿಚ್ಚಿ ಬೇರಿಂಗ್, ಕ್ರ್ಯಾಂಕ್ ಕೆಲಸ ಅಂತ ಲಕ್ಷದ ಹತ್ತಿರ ಹೋಯ್ತು, ಇನ್ಶೂರೆನ್ಸಿನವರು ಚೇಂಬರಿಗೆ ಕೊಟ್ರು, ಇಂಜಿನಿಗೆ ಕೊಡ್ಲಿಲ್ಲ. ಯಾಕೆ ಕೊಡ್ಲಿಲ್ಲ ಅಂತ ಕೆಳಗೆ ಬರೀತೇನೆ. ನಮ್ಮೂರಿನ ರಸ್ತೆಯಲ್ಲಿ ಓಡಾಡುವ ಇನ್ನೊಬ್ಬರಿಗೆ ಇದೇ ಆಗ್ಬಾರ್ದು, ಅದಕ್ಕೇ ಇಷ್ಟುದ್ದ ಬರೀತಾ ಇದ್ದೇನೆ.

ನಮ್ಮ ಕಡೆ ಅಡಿಗೆ ಬಡಿಯುವುದಕ್ಕೆ ಬೇಕಾದಷ್ಟು ಸಾಮಾನು ರಸ್ತೆಯಲ್ಲೇ ಉಂಟು. ತಲಪಾಡಿಯಿಂದ ಚೆರ್ಕಳವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗುವ ಕೆಲಸದ ಸಮಯದಲ್ಲಿ ಸರ್ವಿಸ್ ರೋಡಿನ ಹೊಂಡ, ಚರಂಡಿ ಸ್ಲ್ಯಾಬಿನ ಎದ್ದ ಮೂಲೆ, ಡೈವರ್ಶನಿಗೆ ಇಟ್ಟ ಕಾಂಕ್ರೀಟ್ ತುಂಡು ಎಲ್ಲ ನೋಡಿದ್ದೇವೆ. ಒಳಗಿನ ರಸ್ತೆಗೆ ಬಂದ್ರೆ ಮಳೆಗೆ ಗುಡ್ಡೆಯಿಂದ ಜಾರಿ ಬಂದ ಕಲ್ಲು, ಟಿಪ್ಪರಿನಿಂದ ಬಿದ್ದ ಜಲ್ಲಿ, ಪೇಂಟ್ ಹೋದ ಹಂಪ್, ನೀರು ತುಂಬಿ ರಸ್ತೆಯ ಮಟ್ಟಕ್ಕೇ ಕಾಣುವ ಗುಂಡಿ. ಸ್ವಿಫ್ಟ್, ವ್ಯಾಗನ್ ಆರ್ ತರದ ಕಾರುಗಳ ಗ್ರೌಂಡ್ ಕ್ಲಿಯರೆನ್ಸ್ 160 ಮಿಲಿಮೀಟರಿಗಿಂತ ಸ್ವಲ್ಪ ಮೇಲೆ ಅಷ್ಟೆ, ಅದೂ ಖಾಲಿ ಕಾರಿಗೆ. ಐದು ಜನ ಕೂತು ಡಿಕ್ಕಿಯಲ್ಲಿ ಎರಡು ಗೋಣಿ ಅಡಿಕೆ ಹಾಕಿದ್ರೆ ಅದು ಎಷ್ಟು ಇಳೀತದೆ ಅಂತ ನೀವೇ ನೋಡಿ.

ಬಡಿಯುವ ಮೊದಲಿನ ಒಂದು ಮಾತು ಕೂಡ ಹೇಳ್ತೇನೆ. ಕಲ್ಲು ಕಂಡ್ರೆ ನಡುವಿನಿಂದ ಹೋಗ್ಲಿ ಅಂತ ಬಿಡ್ಬೇಡಿ, ಚೇಂಬರ್ ಇರುವುದೂ ಹೆಚ್ಚುಕಮ್ಮಿ ಅಲ್ಲೇ. ಸಾಧ್ಯ ಇದ್ರೆ ಪೂರ್ತಿ ನಿಲ್ಲಿಸಿ, ಆಗದಿದ್ರೆ ಮೊದಲೇ ಬ್ರೇಕ್ ಹಾಕಿ ಸ್ಪೀಡ್ ಕಮ್ಮಿ ಮಾಡಿ, ಕಲ್ಲಿನ ಮೇಲೆ ಹೋಗುವ ಆ ಕ್ಷಣಕ್ಕೆ ಬ್ರೇಕಿನಿಂದ ಕಾಲು ತೆಗೀರಿ. ಬ್ರೇಕ್ ಒತ್ತಿ ಹಿಡಿದ್ರೆ ಕಾರಿನ ಮೂತಿ ಬಗ್ಗುತ್ತದೆ, ಇದ್ದ ಸ್ವಲ್ಪ ಎತ್ತರವೂ ಹೋಗ್ತದೆ.

ಈಗ ಬಡಿದಾಯ್ತು ಅಂತ ಇಟ್ಕೊಳ್ಳಿ. ಸ್ಟೇರಿಂಗ್ ಗಟ್ಟಿ ಹಿಡೀರಿ, ಆಕ್ಸಿಲರೇಟರ್ ಬಿಡಿ, ಹಿಂದೆ ಯಾರಿದ್ದಾರೆ ಅಂತ ಕನ್ನಡಿಯಲ್ಲಿ ನೋಡಿ, ಇಂಡಿಕೇಟರ್ ಹಾಕಿ ಎಡಕ್ಕೆ ತಂದು ನಿಲ್ಲಿಸಿ, ನಿಂತ ಕೂಡ್ಲೆ ಇಂಜಿನ್ ಆಫ್. ಮನೆ ಎರಡೇ ಕಿಲೋಮೀಟರ್ ಅಲ್ವಾ, ಮುಂದೆ ಪೇಟೆ ಸಿಗ್ತದಲ್ವಾ ಅಂತ ಯೋಚನೆ ಮಾಡ್ಬೇಡಿ, ಇದೊಂದು ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯವೇ ಇಲ್ಲ. ಹೆದ್ದಾರಿಯಲ್ಲಾದ್ರೆ ಹಝಾರ್ಡ್ ಲೈಟ್ ಹಾಕಿ, ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಹಿಂದೆ ಐವತ್ತು ಹೆಜ್ಜೆಗೂ ಆಚೆ ಇಡಿ, ಮಕ್ಕಳು ಮರಿ ಎಲ್ಲ ಎಡಗಡೆ ಬಾಗಿಲಿಂದ ಇಳಿದು ಕಬ್ಬಿಣದ ತಡೆಯ ಆಚೆ ನಿಲ್ಲಲಿ, ಕಾರಿನೊಳಗೆ ಕೂರುವುದು ಬೇಡ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033 ಅಂತ ನಂಬರ್ ಉಂಟು, ಯಾರಿಗಾದ್ರೂ ಪೆಟ್ಟಾಗಿದ್ರೆ 112. ಒಳಗಿನ ರಸ್ತೆಯಲ್ಲಿ ಮಳೆಗಾಲದಲ್ಲಿ ನಿಲ್ಲಿಸುವಾಗ ಡಾಮರಿನ ಕರೆ ನೋಡ್ಕೊಳ್ಳಿ, ಮಣ್ಣು ಮೆತ್ತಗಾಗಿರ್ತದೆ, ಎಡ ಚಕ್ರ ಹೂತುಹೋದ್ರೆ ಅದು ಬೇರೆಯೇ ಕಥೆ ಆಗ್ತದೆ.

ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆ ಕಾಡು ಹತ್ತಿರದ ರಸ್ತೆಯಲ್ಲಿ ರಾತ್ರಿ ಹೀಗಾದ್ರೆ ಆನೆಯ ಹೆದರಿಕೆ ಉಂಟು, ಅಲ್ಲಿ ಒಬ್ಬರೇ ಇಳಿದು ಕಾರಿನಡಿಗೆ ಬಗ್ಗಿ ಕೂರ್ಬೇಡಿ. ಇಂಜಿನ್ ಆಫ್ ಮಾಡಿ, ಪೆಟ್ರೋಲ್ ವಾಸನೆ ಇಲ್ಲ ಅಂತಾದ್ರೆ ಗ್ಲಾಸ್ ಏರಿಸಿ ಒಳಗೇ ಕೂತು ಊರಿನವರಿಗೆ ಫೋನ್ ಮಾಡಿ, ಅವರು ಜೀಪೋ ರಿಕ್ಷಾವೋ ತಂದ ಮೇಲೆ ಒಟ್ಟಿಗೆ ಇಳಿದು ನೋಡಿದ್ರೆ ಸಾಕು.

ಇಳಿದ ಮೇಲೆ ಮೊದಲು ಕಣ್ಣಲ್ಲ, ಮೂಗು. ಪೆಟ್ರೋಲ್ ವಾಸನೆ ಬಂದ್ರೆ ಮತ್ತೆ ಕೀ ತಿರುಗಿಸ್ಬೇಡಿ, ಎಲ್ಲರನ್ನೂ ದೂರ ಕಳಿಸಿ, ಬೀಡಿ ಸಿಗರೇಟ್ ಸೇದುವವರು ನೋಡ್ಲಿಕ್ಕೆ ಹತ್ತಿರ ಬಂದ್ರೆ ಗಟ್ಟಿಯಾಗಿ ಹೇಳಿ ಆಚೆ ಕಳಿಸಿ, ಇಂಥ ಸಮಯದಲ್ಲಿ ಜನ ಸೇರಿದ್ರೆ ಒಬ್ಬ ಆದ್ರೂ ಸೇದುವವ ಇದ್ದೇ ಇರ್ತಾನೆ. ಸಿಎನ್‌ಜಿ ಕಾರಾದ್ರೆ ಸಿಲಿಂಡರಿನ ಹತ್ತಿರ ಕೈಯಲ್ಲಿ ತಿರುಗಿಸುವ ವಾಲ್ವ್ ಇರ್ತದೆ, ಅದು ಎಲ್ಲುಂಟು ಅಂತ ಇವತ್ತೇ ನೋಡಿಟ್ಕೊಳ್ಳಿ. ವಾಸನೆ ಏನೂ ಇಲ್ಲ ಅಂತಾದ್ರೆ ಮಾತ್ರ ಬಗ್ಗಿ ನೋಡ್ಲಿಕ್ಕೆ ಹೋಗುವುದು.

ಬಗ್ಗಿ ನೋಡುವುದಕ್ಕೆ ಸುಲಭದ ದಾರಿ ಅಂದ್ರೆ ಫೋನ್. ವಿಡಿಯೋ ಆನ್ ಮಾಡಿ, ಫ್ಲ್ಯಾಶ್ ಲೈಟ್ ಹಾಕಿ, ಫೋನನ್ನು ಮುಂದಿನ ಬಂಪರಿನ ಅಡಿಯಿಂದ ಒಳಗೆ ಕೈ ಹೋಗುವಷ್ಟು ಹಾಕಿ ನಿಧಾನ ಆಚೆ ಈಚೆ ತಿರುಗಿಸಿ, ಮತ್ತೆ ಎರಡೂ ಬದಿಯಿಂದ, ಮತ್ತೆ ಹಿಂದಿನಿಂದ. ಬಟ್ಟೆ ಕೆಸರಾಗುವುದಿಲ್ಲ, ತಲೆಯೂ ಅಡಿಗೆ ಹೋಗುವುದಿಲ್ಲ, ಆ ವಿಡಿಯೋವನ್ನೇ ಮೆಕ್ಯಾನಿಕ್‌ಗೆ ವಾಟ್ಸಾಪ್ ಮಾಡಿದ್ರೆ ಅವರು ಅಲ್ಲಿಂದಲೇ ಹೇಳ್ತಾರೆ ಓಡಿಸ್ಬಹುದಾ ಇಲ್ವಾ ಅಂತ. ಇನ್ಶೂರೆನ್ಸಿಗೂ ಅದೇ ವಿಡಿಯೋ ಉಪಯೋಗ ಆಗ್ತದೆ, ಅದಕ್ಕೆ ಬಡಿದ ಕಲ್ಲು, ರಸ್ತೆ, ಕಾರಿನ ನಂಬರ್ ಪ್ಲೇಟ್ ಮೂರೂ ಕಾಣುವ ಹಾಗೆ ಒಂದೆರಡು ಫೋಟೋ ಕೂಡ ತೆಗೆದಿಡಿ. ತೆಗೆದಾದ ಮೇಲೆ, ವಾಹನ ಬರ್ತಾ ಇಲ್ಲ ಅಂತ ನೋಡ್ಕೊಂಡು ಆ ಕಲ್ಲನ್ನು ಕರೆಗೆ ಸರಿಸಿಬಿಡಿ, ಹಿಂದೆ ಬೈಕಿನಲ್ಲಿ ಬರುವವನಿಗೆ ಅದು ಜೀವದ ವಿಷಯ.

ಮಳೆಗಾಲದಲ್ಲಿ ತೊಂದರೆ ಏನಂದ್ರೆ ಅಡಿಯಿಂದ ತೊಟ್ಟಿಕ್ಕುವುದು ನೀರಾ ಆಯಿಲಾ ಅಂತ ಗೊತ್ತಾಗುವುದಿಲ್ಲ. ಒಂದು ಹಳೇ ಪೇಪರ್ ಅಥವಾ ರಟ್ಟು, ಅದೂ ಇಲ್ಲದಿದ್ರೆ ಪಕ್ಕದ ತೋಟದಿಂದ ಒಂದು ಅಡಿಕೆ ಹಾಳೆ ತಂದು ಇಂಜಿನಿನ ಅಡಿಗೆ ಇಟ್ಟು ಐದು ನಿಮಿಷ ಬಿಡಿ. ಹಾಳೆಯ ಒಳಬದಿ ಬಿಳಿಚಿಕೊಂಡಿರುವುದರಿಂದ ಬಣ್ಣ ಚೆನ್ನಾಗಿ ಕಾಣ್ತದೆ, ನಾನು ಈಗ ಡಿಕ್ಕಿಯಲ್ಲಿ ಒಂದು ಹಾಳೆ ಯಾವಾಗಲೂ ಇಟ್ಟಿರ್ತೇನೆ. ಒದ್ದೆ ಡಾಮರಿನ ಮೇಲೆ ಬಣ್ಣ ಬಣ್ಣದ ತೆಳು ಪೊರೆ ಹರಡಿದ್ರೆ ಅದು ಆಯಿಲ್ ಅಥವಾ ಡೀಸೆಲ್. ಕಂದು ಇಲ್ಲದಿದ್ರೆ ಕಪ್ಪು ಬಣ್ಣದಲ್ಲಿ ಜಾರುವ ಹಾಗಿದ್ರೆ ಇಂಜಿನ್ ಆಯಿಲ್. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣದ ನೀರು, ಸ್ವಲ್ಪ ಸಿಹಿ ವಾಸನೆ ಇದ್ರೆ ಕೂಲೆಂಟ್, ಅಂದ್ರೆ ರೇಡಿಯೇಟರ್ ಅಥವಾ ಅದರ ಕೆಳಗಿನ ಪೈಪಿಗೆ ಪೆಟ್ಟಾಗಿದೆ. ದಪ್ಪಗೆ, ಗಂಧಕದ ಹಾಗೆ ಕೆಟ್ಟ ವಾಸನೆ ಬಂದ್ರೆ ಗೇರ್ ಆಯಿಲ್. ಆಟೋಮ್ಯಾಟಿಕ್ ಕಾರಿನಲ್ಲಿ ಕೆಂಪಗೆ ಇದ್ದದ್ದು ಗೇರ್ ಬಾಕ್ಸಿನದ್ದೇ ಇರುವ ಸಾಧ್ಯತೆ ಹೆಚ್ಚು. ತಿಳಿ ಹಳದಿ, ಬೆರಳಿಗೆ ತುಂಬಾ ಜಾರ್ತದೆ, ಚಕ್ರದ ಹತ್ತಿರ ಅಥವಾ ಕಾರಿನ ಉದ್ದಕ್ಕೆ ಹೋಗುವ ಸಣ್ಣ ಪೈಪಿನಿಂದ ಬರ್ತಾ ಉಂಟು ಅಂತಾದ್ರೆ ಬ್ರೇಕ್ ಆಯಿಲ್, ಅದು ಕಂಡ್ರೆ ಕಾರು ಒಂದು ಅಡಿ ಕೂಡ ಓಡಿಸುವ ಹಾಗಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ಬರೀ ನೀರು ಅಂತಾದ್ರೆ ಎಸಿಯ ನೀರು, ಅದಕ್ಕೆ ಹೆದರ್ಬೇಡಿ.

ಏನೂ ಸೋರ್ತಾ ಇಲ್ಲ ಅಂದ್ರೂ ಬಾನೆಟ್ ಎತ್ತಿ ಡಿಪ್ ಸ್ಟಿಕ್, ಅಂದ್ರೆ ಆಯಿಲ್ ಅಳೆಯುವ ಕಡ್ಡಿ, ನೋಡಿ. ಸಣ್ಣ ಕಾರುಗಳಲ್ಲಿ ಒಟ್ಟು ಆಯಿಲ್ ಇರುವುದೇ ಮೂರು ನಾಲ್ಕು ಲೀಟರ್. ಕಾರು ಸಮತಟ್ಟಿನಲ್ಲಿರ್ಬೇಕು, ಇಂಜಿನ್ ಆಫ್ ಆಗಿ ಕೆಲವು ನಿಮಿಷ ಕಳೆದಿರ್ಬೇಕು, ಕಡ್ಡಿ ಎಳೆದು ಒರಸಿ ಮತ್ತೊಮ್ಮೆ ಹಾಕಿ ಎಳೆದು ನೋಡಿ. ಕಡ್ಡಿಯ ಎರಡು ಗುರುತಿನ ನಡುವೆ ಇದ್ರೆ ಸರಿ. ಕಡ್ಡಿ ಒಣಗಿ ಬಂದ್ರೆ ಸ್ಟಾರ್ಟ್ ಮಾಡ್ಲೇಬೇಡಿ.

ಕೆಂಪು ಲೈಟಿನ ವಿಷಯ

ಹಳೇ ಕಾಲದ ಎಣ್ಣೆ ಕ್ಯಾನಿನ ಹಾಗೆ ತುದಿಯಲ್ಲೊಂದು ಹನಿ ಇರುವ ಕೆಂಪು ಲೈಟ್ ಇಂಜಿನ್ ಇರುವ ಎಲ್ಲ ಕಾರಿನಲ್ಲೂ ಉಂಟು. ತುಂಬಾ ಜನ, ನಾನೂ ಹಾಗೇ ಅಂದ್ಕೊಂಡಿದ್ದೆ, ಆಯಿಲ್ ಸ್ವಲ್ಪ ಕಮ್ಮಿ ಆದಾಗ ಅದು ಬರ್ತದೆ ಅಂತ. ಅಲ್ಲ. ಅದು ಆಯಿಲಿನ ಅಳತೆ ತೋರಿಸುವುದಲ್ಲ, ಪ್ರೆಶರ್ ತೋರಿಸುವುದು. ಚೇಂಬರಿನ ಒಳಗೆ ತಳಕ್ಕೆ ಹತ್ತಿರ ಒಂದು ಜಾಳಿಗೆ ಇರುವ ಪೈಪ್ ಉಂಟು, ಪಂಪ್ ಅಲ್ಲಿಂದ ಆಯಿಲ್ ಎಳೆದು ಮೇಲೆ ಕಳಿಸ್ತದೆ. ಆ ಪೈಪಿಗೆ ಆಯಿಲ್ ಬದಲು ಗಾಳಿ ಸಿಗ್ಲಿಕ್ಕೆ ಶುರುವಾದಾಗ ಪ್ರೆಶರ್ ಬಿದ್ದು ಲೈಟ್ ಬರುವುದು, ಅಂದ್ರೆ ಲೈಟ್ ಬರುವಷ್ಟರಲ್ಲಿ ಆಯಿಲಿನ ಹೆಚ್ಚಿನ ಪಾಲು ರಸ್ತೆಯಲ್ಲಿ ಚೆಲ್ಲಿ ಆಗಿರ್ತದೆ. ತಿರುವಿನಲ್ಲಿ ಉಳಿದ ಸ್ವಲ್ಪ ಆಯಿಲ್ ಒಂದು ಬದಿಗೆ ಹೋಗಿ ಪೈಪಿಗೆ ಗಾಳಿ ಸಿಕ್ಕಿದಾಗ ಮಿಣುಕ್ತದೆ, ನೇರ ಬಂದಾಗ ಹೋಗ್ತದೆ. ಆ ರಾತ್ರಿ ನನಗೆ ಆದದ್ದು ಅದೇ. ಲೈಟ್ ಹೋಯ್ತಲ್ವಾ ಅಂತ ಸಮಾಧಾನ ಮಾಡ್ಕೊಂಡೆ, ಅದು ಹೋದದ್ದಲ್ಲ, ಕೊನೆಯ ಸಲ ಹೇಳಿದ್ದು. ಒತ್ತಡದಲ್ಲಿ ಆಯಿಲ್ ಇಲ್ಲದೆ ಇಂಜಿನ್ ತಿರುಗಿದ್ರೆ ಕ್ರ್ಯಾಂಕಿನ ಬೇರಿಂಗ್ ಸವೆಯಲಿಕ್ಕೆ ತುಂಬಾ ಹೊತ್ತು ಬೇಡ.

ಇನ್ನೊಂದು ಮೋಸ ಉಂಟು, ಇದು ತುಂಬಾ ಜನರಿಗೆ ಗೊತ್ತಿಲ್ಲ. ಚೇಂಬರ್ ಒಡೆದಿಲ್ಲ, ಒಂದು ಹನಿ ಸೋರ್ತಾ ಇಲ್ಲ, ಬರೀ ಒಳಗೆ ತಗ್ಗಿದೆ ಅಷ್ಟೆ ಅಂತ ಬಿಡ್ತಾರೆ. ತಗಡಿನ ಚೇಂಬರ್ ಒಡೆಯುವ ಬದಲು ತಗ್ಗುತ್ತದೆ, ಅಲ್ಯೂಮಿನಿಯಮ್ ಆದ್ರೆ ಸೀಳುತ್ತದೆ. ತಗ್ಗಿದ ಜಾಗ ಸರಿಯಾಗಿ ಆ ಜಾಳಿಗೆಯ ಕೆಳಗೆ ಬಂದ್ರೆ ಪೈಪಿನ ಬಾಯಿ ಅರ್ಧ ಮುಚ್ಚಿದ ಹಾಗೆ, ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಫುಲ್ ತೋರಿಸಿದ್ರೂ ಇಂಜಿನಿಗೆ ಬೇಕಾದಷ್ಟು ಸಿಗುವುದಿಲ್ಲ, ಅದರಲ್ಲೂ ಪೆರಡಾಲದ ಹತ್ತಿರದಂಥ ಏರಿನಲ್ಲಿ ಜೋರಾಗಿ ಎಳೆಯುವಾಗ. ತಗ್ಗು ಕಣ್ಣಿಗೆ ಕಾಣುವಷ್ಟು ಇದ್ರೆ ಬಿಚ್ಚಿ ನೋಡಿಸಿ, ಸೋರುವುದಿಲ್ಲ ಅಂತ ಬಿಡ್ಬೇಡಿ.

ಇಂಜಿನ್ ಸರಿ ಉಂಟು ಅಂದ್ರೆ ಮುಂದಿನದ್ದು ಚಕ್ರ. ಎದುರಿಂದ ಸ್ವಲ್ಪ ದೂರ ನಿಂತು ಎರಡೂ ಮುಂದಿನ ಚಕ್ರ ಒಂದೇ ತರ ನಿಂತಿದೆಯಾ ನೋಡಿ, ಒಂದು ಒಳಗೆ ವಾಲಿದ್ರೆ ಅಥವಾ ಹಿಂದೆ ಸರಿದ ಹಾಗೆ ಕಂಡ್ರೆ ಲೋವರ್ ಆರ್ಮ್, ಅಂದ್ರೆ ಚಕ್ರವನ್ನು ಅಡಿಯಿಂದ ಹಿಡಿದಿಡುವ ತೋಳು, ಬಗ್ಗಿದೆ. ನೇರ ಹೋಗುವಾಗ ಸ್ಟೇರಿಂಗ್ ಓರೆ ನಿಲ್ತದಾ, ಕಾರು ಒಂದು ಬದಿಗೆ ಎಳೀತದಾ, ಬ್ರೇಕ್ ಪೆಡಲ್ ಒತ್ತಿ ಹಿಡಿದ್ರೆ ನಿಧಾನ ಕೆಳಗೆ ಇಳೀತದಾ, ಇದರಲ್ಲಿ ಯಾವುದೇ ಒಂದಿದ್ರೂ ಟೋಯಿಂಗ್ ಕರೀರಿ. ಟಯರಿನ ಬದಿಯಲ್ಲಿ ಮೊಟ್ಟೆಯ ಹಾಗೆ ಉಬ್ಬಿದ್ರೆ ಒಳಗಿನ ನೂಲು ಹರಿದಿದೆ ಅಂತ ಅರ್ಥ, ಗಾಳಿ ಸರಿ ಇದ್ರೂ ಆ ಟಯರಿನಲ್ಲಿ ಹೋಗ್ಬೇಡಿ, ಸ್ಟೆಪ್ನಿ ಹಾಕಿ.

ಸೈಲೆನ್ಸರ್ ಪೈಪ್ ಒಡೆದ್ರೆ ಕಾರು ಟ್ರ್ಯಾಕ್ಟರಿನ ಹಾಗೆ ಕೂಗ್ತದೆ, ಹೇಳುವುದೇ ಬೇಡ ಗೊತ್ತಾಗ್ತದೆ. ಓಡಿಸ್ಲಿಕ್ಕೆ ಆಗ್ತದೆ, ಆದ್ರೆ ಹೊಗೆ ಕಾರಿನ ಅಡಿಯಲ್ಲೇ ಬರುವುದರಿಂದ ಒಳಗೆ ಸೇರುವ ಸಾಧ್ಯತೆ ಉಂಟು, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಅದಕ್ಕೆ ಮಳೆ ಇದ್ರೂ ಗ್ಲಾಸ್ ಸ್ವಲ್ಪ ಇಳಿಸಿಯೇ ಹೋಗಿ, ನಿಂತ ಕಾರಿನಲ್ಲಿ ಇಂಜಿನ್ ಆನ್ ಇಟ್ಟು ಎಸಿ ಹಾಕಿ ಮಕ್ಕಳನ್ನು ಮಲಗಿಸ್ಬೇಡಿ. ಪೈಪ್ ನೇತಾಡ್ತಾ ಇದ್ರೆ ಕಾಂಕ್ರೀಟ್ ಕೆಲಸದವರು ಕಬ್ಬಿಣ ಕಟ್ಟುವ ತಂತಿ ಉಂಟಲ್ಲ, ಅದರಲ್ಲಿ ಎತ್ತಿ ಕಟ್ಟಿ, ಆದ್ರೆ ಪೈಪ್ ತಣಿದ ಮೇಲೆ. ಪ್ಲಾಸ್ಟಿಕ್ ಹಗ್ಗ, ತೆಂಗಿನ ನಾರಿನ ಹಗ್ಗ ಬೇಡ, ಒಂದು ಕರಗ್ತದೆ, ಇನ್ನೊಂದಕ್ಕೆ ಬೆಂಕಿ ಹಿಡೀತದೆ. ಮುಂದಿನ ಅಡಿಯ ಪ್ಲಾಸ್ಟಿಕ್ ಕವರ್ ಕಿತ್ತು ರಸ್ತೆಗೆ ಉಜ್ಜುತ್ತಾ ಇದ್ರೆ ಕೇಬಲ್ ಟೈ ಸಾಕು, ಅದು ದೊಡ್ಡ ವಿಷಯ ಅಲ್ಲ, ಎಲ್ಲಕ್ಕಿಂತ ಹೆಚ್ಚು ಶಬ್ದ ಮಾಡಿ ಹೆದರಿಸುವುದು ಅದೇ.

ಅರ್ಜೆಂಟಿಗೆ ಎಂ-ಸೀಲ್ ಹಚ್ಚುವ ವಿಷಯ ಎಲ್ಲರೂ ಹೇಳ್ತಾರೆ. ಹಚ್ಚಬಹುದು, ಆದ್ರೆ ಅದು ಹಿಡಿಯುವುದು ಒಣಗಿದ, ಆಯಿಲ್ ಇಲ್ಲದ, ಉಜ್ಜಿ ತೆಗೆದ ಲೋಹಕ್ಕೆ. ಆಯಿಲ್ ಸುರೀತಾ ಇರುವಾಗ ಅದರ ಮೇಲೆಯೇ ಮೆತ್ತಿದ್ರೆ ಸ್ವಲ್ಪ ಹೊತ್ತಲ್ಲೇ ಬಿದ್ದುಹೋಗ್ತದೆ. ಡೀಸೆಲ್ ಟ್ಯಾಂಕಿನಲ್ಲಿ ಕೂದಲಿನಷ್ಟು ಬಿರುಕು ಬಂದು ಹನಿ ಬರ್ತಾ ಇದ್ರೆ ಹಳೇ ಲಾರಿ ಡ್ರೈವರ್‌ಗಳು ಬಟ್ಟೆ ಒಗೆಯುವ ಬಾರ್ ಸೋಪು ಉಜ್ಜುತ್ತಿದ್ರು, ಸೋಪು ಡೀಸೆಲಿನಲ್ಲಿ ಕರಗುವುದಿಲ್ಲ, ವರ್ಕ್‌ಶಾಪ್ ಮುಟ್ಟುವವರೆಗೆ ತಡೀತದೆ. ಪೆಟ್ರೋಲಿಗೆ ನಾನು ಆ ಧೈರ್ಯ ಮಾಡುವುದಿಲ್ಲ, ನೀವೂ ಮಾಡ್ಬೇಡಿ. ರೇಡಿಯೇಟರ್ ಸೋರ್ತಾ ಇದ್ರೆ ಬಿಸಿ ಇರುವಾಗ ಮುಚ್ಚಳ ತೆಗೀಬೇಡಿ, ಕುದಿಯುವ ನೀರು ಮುಖಕ್ಕೆ ಹಾರ್ತದೆ, ಮುಕ್ಕಾಲು ಗಂಟೆ ಆದ್ರೂ ಬಿಟ್ಟು ಮತ್ತೆ.

ಇನ್ನು ದಯವಿಟ್ಟು ಇದೊಂದು ಓದಿ. ಬರೀ ಜಾಕಿನ ಮೇಲೆ ಕಾರನ್ನು ಎತ್ತಿ ಅಡಿಗೆ ಹೋಗ್ಬೇಡಿ. ಕಾರಿನ ಜೊತೆ ಬರುವ ಜಾಕಿ ಚಕ್ರ ಬದಲಿಸ್ಲಿಕ್ಕೆ ಮಾತ್ರ ಇರುವುದು, ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ಅದು ಜಾರ್ಲಿಕ್ಕೆ ಸೆಕೆಂಡು ಬೇಡ. ನಮ್ಮ ಕಡೆ ಮನೆ ಅಂಗಳದಲ್ಲಿ ಮುರಕಲ್ಲು ರಾಶಿ ಇರ್ತದೆ, ಅದನ್ನು ಎರಡು ಮೂರು ಪೇರಿಸಿ ಅದರ ಮೇಲೆ ಕಾರು ಕೂರಿಸುವುದನ್ನು ನೋಡಿದ್ದೇನೆ, ನೋಡುವಾಗಲೇ ಹೊಟ್ಟೆ ತೊಳಸ್ತದೆ. ಮುರಕಲ್ಲು ಗೋಡೆಗೆ ಒಳ್ಳೆಯದು, ಒಂದೇ ಜಾಗದಲ್ಲಿ ಅಷ್ಟು ಭಾರ ಬಿದ್ರೆ, ಅದೂ ನೀರು ಕುಡಿದ ಕಲ್ಲು, ಹೇಳದೆ ಕೇಳದೆ ಸೀಳಿಬಿಡ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್ ಕೂಡ ಹಾಗೆಯೇ. ಅಡಿಗೆ ಹೋಗ್ಲೇಬೇಕಿದ್ರೆ ವರ್ಕ್‌ಶಾಪಿನ ಲಿಫ್ಟ್ ಅಥವಾ ಗುಂಡಿ ಉಂಟು, ಅಲ್ಲಿಯವರೆಗೆ ಫೋನಿನ ವಿಡಿಯೋ ಸಾಕು.

ಏನೂ ಸೋರ್ತಾ ಇಲ್ಲ, ಆಯಿಲ್ ಸರಿ ಉಂಟು, ಚಕ್ರ ನೇರ ಉಂಟು ಅಂತಾದ್ರೆ ಒಮ್ಮೆ ಸ್ಟಾರ್ಟ್ ಮಾಡಿ. ಕೆಂಪು ಲೈಟ್ ಎರಡು ಮೂರು ಸೆಕೆಂಡಲ್ಲಿ ಹೋಗ್ಬೇಕು, ಹೋಗದಿದ್ರೆ ಆಫ್. ಒಂದು ನಿಮಿಷ ಹಾಗೇ ಬಿಟ್ಟು ಶಬ್ದ ಕೇಳಿ, ಮತ್ತೆ ಆಫ್ ಮಾಡಿ ಹಾಳೆ ನೋಡಿ, ಯಾಕಂದ್ರೆ ಆಯಿಲ್ ಫಿಲ್ಟರಿಗೆ ಪೆಟ್ಟಾಗಿದ್ರೆ ಇಂಜಿನ್ ತಿರುಗಿ ಪ್ರೆಶರ್ ಬಂದಾಗ ಮಾತ್ರ ಸೋರ್ತದೆ, ನಿಂತಿರುವಾಗ ಗೊತ್ತಾಗುವುದಿಲ್ಲ. ಸರಿ ಇದ್ರೆ ಕಾರಿನ ಹಾಡು ಬಂದ್ ಮಾಡಿ, ಗ್ಲಾಸ್ ಇಳಿಸಿ, ಮೂವತ್ತರಲ್ಲಿ ಹೋಗಿ, ಒಂದೆರಡು ಕಿಲೋಮೀಟರಿಗೆ ಮತ್ತೆ ನಿಲ್ಲಿಸಿ ನೋಡಿ. ಟೆಂಪರೇಚರ್ ಮೇಲೆಯೂ ಒಂದು ಕಣ್ಣಿರ್ಲಿ, ಈಗಿನ ಕೆಲವು ಕಾರಿನಲ್ಲಿ ಮುಳ್ಳೇ ಇಲ್ಲ, ಬರೀ ಕೆಂಪು ಲೈಟ್, ಅದು ಬಂದ್ರೆ ಅಲ್ಲೇ ನಿಲ್ಲಿಸುವುದು.

ಟೋಯಿಂಗಿಗೆ ಹೇಳುವಾಗ ಕಾರನ್ನು ಪೂರ್ತಿ ಮೇಲೆ ಹತ್ತಿಸುವ ಗಾಡಿ ಸಿಗ್ತದಾ ಅಂತ ಕೇಳಿ. ಅದು ಸಿಗದಿದ್ರೆ, ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಚಕ್ರಕ್ಕೇ ಎಳೆತ ಇರುವುದರಿಂದ ಮುಂದಿನದ್ದನ್ನು ಎತ್ತಿ ಎಳೀಬೇಕು. ಆಟೋಮ್ಯಾಟಿಕ್ ಕಾರನ್ನು ಎಳೆತದ ಚಕ್ರ ನೆಲಕ್ಕೆ ತಾಗಿಸಿ ಎಳೆದ್ರೆ ಗೇರ್ ಬಾಕ್ಸ್ ಹಾಳು. ಇನ್ಶೂರೆನ್ಸಿನಲ್ಲಿ ರೋಡ್ ಸೈಡ್ ಅಸಿಸ್ಟೆನ್ಸ್ ತೆಗೊಂಡಿದ್ರೆ ಟೋಯಿಂಗ್ ಅದರಲ್ಲೇ ಬರ್ತದೆ, ತುಂಬಾ ಜನ ದುಡ್ಡು ಕಟ್ಟಿರ್ತಾರೆ, ನೆನಪಿರುವುದಿಲ್ಲ. ಇಲೆಕ್ಟ್ರಿಕ್ ಕಾರಿನವರಿಗೆ ಮಾತು ಬೇರೆ, ಅದರ ಬ್ಯಾಟರಿ ಇರುವುದೇ ಅಡಿಯಲ್ಲಿ, ಜೋರು ಬಡಿದಿದ್ರೆ ಹೊರಗೆ ಏನೂ ಕಾಣದಿದ್ರೂ ಚಾರ್ಜಿಗೆ ಹಾಕ್ಬೇಡಿ, ಕಿತ್ತಳೆ ಬಣ್ಣದ ವಯರ್ ಮುಟ್ಬೇಡಿ, ಮನೆಗೆ ತಾಗಿದ ಶೆಡ್ಡಿನಲ್ಲಿ ಇಡದೆ ಬಯಲಲ್ಲಿ ನಿಲ್ಲಿಸಿ ಕಂಪೆನಿ ಸರ್ವಿಸಿನವರನ್ನು ಕರೀರಿ, ಪೆಟ್ಟಾದ ಬ್ಯಾಟರಿಗೆ ಗಂಟೆಗಟ್ಟಲೆ ಕಳೆದ ಮೇಲೆಯೂ ಬೆಂಕಿ ಹಿಡಿಯಬಹುದು.

ದುಡ್ಡಿನ ಲೆಕ್ಕ

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ರೆ ನಿಮ್ಮ ಕಾರಿನ ರಿಪೇರಿಗೆ ಏನೂ ಸಿಗುವುದಿಲ್ಲ, ಓನ್ ಡ್ಯಾಮೇಜ್ ಇರ್ಬೇಕು. ಇದ್ರೆ ಕಲ್ಲು ಬಡಿದು ಆದ ಹಾನಿಗೆ ಸಿಗ್ತದೆ. ಬಡಿದ ಮೇಲೆ ಓಡಿಸಿ ಆದ ಹಾನಿಗೆ ಸಿಗುವುದಿಲ್ಲ, ಅವರ ಭಾಷೆಯಲ್ಲಿ ಅದು ಕಾನ್ಸಿಕ್ವೆನ್ಶಿಯಲ್ ಡ್ಯಾಮೇಜ್. ನನ್ನ ಇಂಜಿನಿನ ದುಡ್ಡು ಹೋದದ್ದು ಇಲ್ಲಿ. ಇಂಜಿನ್ ಪ್ರೊಟೆಕ್ಟ್ ಅಂತ ಒಂದು ಆಡ್ ಆನ್ ಉಂಟು, ಆಯಿಲ್ ಸೋರಿ ಇಂಜಿನ್ ಹೋದ್ರೆ, ನೀರು ಹೊಕ್ಕಿ ಹೋದ್ರೆ ಸಿಗುವುದು ಅದು ಇದ್ದವರಿಗೆ, ಅದರಲ್ಲೂ ಶರತ್ತು ಓದಿಯೇ ತೆಗೊಳ್ಳಿ. ನಮ್ಮ ಮಳೆಗೆ, ನಮ್ಮ ರಸ್ತೆಗೆ ನಾನು ಅದನ್ನು ಹೊಸ ಸೀಟ್ ಕವರಿಗಿಂತ ಮೊದಲು ತೆಗೀತೇನೆ.

ಹಾಗಂತ ಸಣ್ಣದಕ್ಕೆಲ್ಲ ಕ್ಲೇಮಿಗೆ ಹೋಗ್ಬೇಡಿ, ಲೆಕ್ಕ ಹಾಕಿ. ಕಾರಿಗೆ ಆರು ವರ್ಷ ಆಗಿದೆ, ಚೇಂಬರಿಗೆ 6000 ರೂಪಾಯಿ ಅಂತ ಇಟ್ಕೊಳ್ಳಿ. ಐದರಿಂದ ಹತ್ತು ವರ್ಷದ ಕಾರಿನ ಲೋಹದ ಪಾರ್ಟಿಗೆ ಹಳೇದಾಯ್ತು ಅಂತ 40 ಶೇಕಡಾ ಡಿಪ್ರೀಸಿಯೇಶನ್ ಕಳೀತಾರೆ, ಅಂದ್ರೆ 2400 ಹೋಯ್ತು, 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1000 ನಾವು ಹಾಕ್ಬೇಕು, ಉಳಿದದ್ದು 2600. ಈಗ ನಿಮಗೆ 50 ಶೇಕಡಾ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ಕಡಿತ, ಉಂಟು, ಓನ್ ಡ್ಯಾಮೇಜ್ ಪ್ರೀಮಿಯಂ 8000 ಅಂತಾದ್ರೆ ವರ್ಷಕ್ಕೆ 4000 ಉಳೀತಾ ಇತ್ತು. ಒಂದು ಕ್ಲೇಮ್ ಮಾಡಿದ್ರೆ ಬೋನಸ್ ಸೊನ್ನೆಗೆ ಇಳಿದು ಮತ್ತೆ 20, 25, 35, 45, 50 ಅಂತ ಐದು ವರ್ಷ ಹತ್ತಬೇಕು. 2600ಕ್ಕೋಸ್ಕರ ಅದು ಬೇಡ. ಲೋವರ್ ಆರ್ಮ್, ರೇಡಿಯೇಟರ್, ಚೇಂಬರ್ ಎಲ್ಲ ಒಟ್ಟಿಗೆ ಹೋಗಿದ್ರೆ ಮಾತ್ರ ಕ್ಲೇಮ್ ಮಾಡಿ. ಝೀರೋ ಡೆಪ್ ಇದ್ದವರ ಲೆಕ್ಕ ಬೇರೆ, ಅಲ್ಲಿ ಆ 2400 ಕಳೆಯುವುದಿಲ್ಲ.

ಕ್ಲೇಮ್ ಮಾಡುವುದಾದ್ರೆ ಕಾರನ್ನು ಬಿಚ್ಚುವ ಮೊದಲೇ ಇನ್ಶೂರೆನ್ಸಿನವರಿಗೆ ಫೋನ್ ಮಾಡಿ ತಿಳಿಸ್ಬೇಕು, ಅವರ ಸರ್ವೇಯರ್ ನೋಡುವ ಮುಂಚೆ ಬಿಚ್ಚಿದ್ರೆ ತಕರಾರು. ಕೇರಳದಲ್ಲಿ ಕೆಲವು ಸಲ ಪೊಲೀಸ್ ಸ್ಟೇಷನಿನ ಜಿಡಿ ಎಂಟ್ರಿ, ಅಂದ್ರೆ ಸ್ಟೇಷನಿನ ಡೈರಿಯಲ್ಲಿ ಬರೆದ ದಾಖಲೆ, ಕೇಳ್ತಾರೆ, ಕೇರಳ ಪೊಲೀಸರ ಪೋಲ್ ಆಪ್ ಅಂತ ಉಂಟು, ಅದರಿಂದಲೂ ಅರ್ಜಿ ಹಾಕಬಹುದು. ಕಾಸರಗೋಡಿನ ಕೆಎಲ್ 14 ನಂಬರಿನ ಕಾರನ್ನು ತಲಪಾಡಿ ಗಡಿ ದಾಟಿಸಿ ಮಂಗಳೂರಿನಲ್ಲಿ ರಿಪೇರಿ ಮಾಡಿಸ್ಲಿಕ್ಕೆ ಏನೂ ಅಡ್ಡಿ ಇಲ್ಲ, ಪಾಲಿಸಿ ಇಡೀ ದೇಶಕ್ಕೆ ನಡೀತದೆ, ಕ್ಯಾಶ್‌ಲೆಸ್ ಎಲ್ಲಿ ಸಿಗ್ತದೆ ಅಂತ ಮಾತ್ರ ಮೊದಲೇ ಕೇಳಿ. ಮತ್ತೆ ಭಾಷೆಯ ವಿಷಯ, ನಮ್ಮಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಮಲಯಾಳದ ಎಸ್ಟಿಮೇಟ್ ಓದ್ಲಿಕ್ಕೆ ಕಷ್ಟ, ಓದದೆ ಸೈನ್ ಹಾಕ್ಬೇಡಿ, ಒಂದೊಂದು ಸಾಲೂ ಬಾಯಲ್ಲಿ ಹೇಳಿಸ್ಕೊಳ್ಳಿ, ಒಳ್ಳೆಯ ವರ್ಕ್‌ಶಾಪಿನವರು ಬೇಸರ ಇಲ್ಲದೆ ಹೇಳ್ತಾರೆ.

ವರ್ಕ್‌ಶಾಪಿನಲ್ಲಿ ಲಿಫ್ಟಿಗೆ ಹಾಕಿದಾಗ ನೀವೂ ಅಡಿಗೆ ನಿಂತು ನೋಡಿ, ಪೆಟ್ಟಾದ ಜಾಗ ತೋರಿಸ್ಲಿಕ್ಕೆ ಹೇಳಿ. ಸೀಳಿದ ಅಲ್ಯೂಮಿನಿಯಮ್ ಚೇಂಬರನ್ನು ಆರ್ಗನ್ ವೆಲ್ಡಿಂಗ್ ಮಾಡಿಸಬಹುದು, ಆದ್ರೆ ಹೊಸದರ ಬೆಲೆ ಕೈಗೆ ಸಿಗುವ ಹಾಗಿದ್ರೆ ನಾನು ಹೊಸದನ್ನೇ ಹಾಕಿಸ್ತೇನೆ. ಹೊಸದಕ್ಕೆ ಹಚ್ಚುವ ಪೇಸ್ಟ್ ಒಣಗ್ಲಿಕ್ಕೆ ಸಮಯ ಬೇಕು, ಹಚ್ಚಿದ ಕೂಡ್ಲೆ ಆಯಿಲ್ ಸುರಿದು ಕೀ ಕೊಟ್ರೆ ಎರಡನೇ ವಾರದಲ್ಲಿ ಮತ್ತೆ ಸೋರ್ತದೆ, ನೀವು ಅರ್ಜೆಂಟ್ ಮಾಡ್ಬೇಡಿ, ಸಂಜೆ ಬರ್ತೇನೆ ಅಂತ ಹೇಳಿ. ಆಯಿಲ್ ಫಿಲ್ಟರ್, ಡ್ರೇನ್ ಬೋಲ್ಟಿನ ವಾಷರ್ ಹೊಸದಿರ್ಲಿ. ಆಕ್ಸಲಿನ ರಬ್ಬರ್ ಬೂಟ್ ಹರಿದಿದೆಯಾ ನೋಡಿಸಿ, ಹರಿದಿದ್ರೆ ಗ್ರೀಸ್ ಹೋಗಿ ಮಣ್ಣು ಸೇರಿ ಕೆಲವೇ ತಿಂಗಳಲ್ಲಿ ಜಾಯಿಂಟ್ ಕಟಕಟ ಅನ್ನುತ್ತದೆ, ಆಗ ಆ ಕಲ್ಲಿನ ನೆನಪೇ ಇರುವುದಿಲ್ಲ. ಕೊನೆಗೆ ವೀಲ್ ಅಲೈನ್‌ಮೆಂಟ್. ಕಲ್ಲು ಗೀರಿ ಪೇಂಟ್ ಹೋದ ಜಾಗಕ್ಕೆ ತುಕ್ಕು ಹಿಡಿಯದ ಕೋಟಿಂಗ್ ಹೊಡೆಸಿ, ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಸಮುದ್ರದ ಉಪ್ಪು ಗಾಳಿಗೆ ಬರೀ ಲೋಹ ಒಂದು ಮಳೆಗಾಲ ಕೂಡ ತಾಳುವುದಿಲ್ಲ.

ರಿಪೇರಿ ಆಗಿ ಮನೆಗೆ ಬಂದ ರಾತ್ರಿ ಕಾರಿನಡಿಗೆ ಹಾಳೆಯೋ ರಟ್ಟೋ ಇಟ್ಟು ಬೆಳಿಗ್ಗೆ ನೋಡಿ. ವಾರ ಬಿಟ್ಟು ಮತ್ತೊಮ್ಮೆ ಇಡಿ, ಡಿಪ್ ಸ್ಟಿಕ್ ಎಳೆದು ನೋಡಿ, ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಲಿಫ್ಟಿಗೆ ಹಾಕಿಸಿ ಬೋಲ್ಟ್ ಎಲ್ಲ ಒಮ್ಮೆ ಬಿಗಿ ನೋಡ್ಲಿಕ್ಕೆ ಹೇಳಿ.